ತಾಯಿ ಏಳುವವರೆಗೆ

ಜೂನ್ 9, ಸೋಮವಾರ

ಬೆಳಿಗ್ಗೆ ಕಾಲೇಜಿನ ಲ್ಯಾಬಿನಲ್ಲಿ ಮತ್ತೆ ಅದೇ ಕೆಲಸ. ಬೋನಿನಿಂದ ಇಲಿಮರಿಗಳನ್ನು ಎತ್ತಿ ಹತ್ತಿ ಹಾಸಿದ ಡಬ್ಬಿಗೆ. ಮಧ್ಯಾಹ್ನದವರೆಗೂ ಹಾಲಿಲ್ಲ. ಆಮೇಲೆ ವಾಪಸ್ ಬಿಟ್ಟು, ತಾಯಿ ಎಷ್ಟು ಹೊತ್ತು ಕುಡಿಸುತ್ತದೆ ಅಂತ ನೋಡಬೇಕು. ಹೊಟ್ಟೆ ತುಂಬಿದ ಮರಿಗಳಾದರೆ ಬೇಗ ಎದ್ದುಹೋಗುತ್ತದೆ. ಹಸಿದವಾದರೆ ಬಿಡುವುದಿಲ್ಲ, ಪಾಪ, ಮಲಗಿಯೇ ಇರುತ್ತದೆ.

ಶಿರಾ ಗೇಟ್ ಟ್ರಾಫಿಕ್ ದಾಟಿ, ಬಸ್ ಹಿಡಿದು ಗುಬ್ಬಿ ಮುಟ್ಟುವಷ್ಟರಲ್ಲಿ ಕತ್ತಲು. ಅತ್ತೆ ಆಗಲೇ ಬಾಟಲಿ ಹಾಲು ಕುಡಿಸಿದ್ದರು. ಪಾಪು ನನ್ನ ಎದೆಗೆ ಬಾಯಿಡಲಿಲ್ಲ. ಮುಖ ತಿರುಗಿಸಿತು.

ಜೂನ್ 11

ಕೇಳಿಯೇಬಿಟ್ಟೆ. "ಸಂಜೆ ಬಾಟ್ಲು ಕೊಡ್ಬೇಡಿ ಅತ್ತೆ. ನಾನು ಬರೋಷ್ಟೊತ್ಗೆ ಹಸಿದಿರ್ಲಿ."

"ಅಳೋ ಮಗೀನ ಮುಂದಿಟ್ಕಂಡು ಸುಮ್ಕೆ ಕೂತ್ಕಳಕ್ಕೆ ನಾನೇನ್ ಕಲ್ಲಾ? ನಿನ್ ಇಲಿ ಲೆಕ್ಕ ಕಾಲೇಜಲ್ಲೇ ಇಟ್ಕ ತಾಯಿ."

ಮೈ ಉರಿಯಿತು. ಅವರ ಮಾತು ತಪ್ಪಲ್ಲ, ಅದಕ್ಕೇ ಇನ್ನೂ ಉರಿಯಿತು.

ಜೂನ್ 17

ಮೊದಲೆಲ್ಲ ಮಧ್ಯಾಹ್ನದೊಳಗೆ ಹಾಲು ಸೋರಿ ಬಟ್ಟೆ ಒದ್ದೆ. ವೇಲ್ ಹೊದ್ದು ಓಡಾಡುತ್ತಿದ್ದೆ. ಇವತ್ತು ಒಂದು ಹನಿಯೂ ಇಲ್ಲ.

ಡಾಕ್ಟರು ಹೇಳಿದ್ದು ಇಷ್ಟೇ— ಮಗು ಚೀಪಿದರೆ ಹಾಲು, ಇಲ್ಲದಿದ್ದರೆ ನಿಂತುಹೋಗುತ್ತದೆ.

ರಾತ್ರಿ ಪಾಪುವನ್ನು ಎದೆಗೆ ಹಿಡಿದೆ, ಮತ್ತೆ ಮುಖ ತಿರುಗಿಸಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಜೂನ್ 20, ಸಂಜೆ

ಅತ್ತೆ ತಾವೇ ಫೋನ್ ಮಾಡಿದ್ದರು. "ಇವತ್ತು ಬಾಟ್ಲು ಕೊಟ್ಟಿಲ್ಲ ಕಣವ್ವ. ಬಿರ್ನೆ ಬಾ."

ಇವತ್ತೇ ಕರೆಂಟ್ ಹೋಗಬೇಕೆ... ಎಲ್ಲ ತಡ. ಮರಿಗಳನ್ನು ಬೋನಿಗೆ ಬಿಟ್ಟಾಗ ನಾಲ್ಕೂವರೆ ದಾಟಿತ್ತು. ಎಂದಿಗಿಂತ ಹೆಚ್ಚು ಹಸಿದಿದ್ದವು. ಕಚ್ಚಿಕೊಂಡವು ಬಿಡುತ್ತಲೇ ಇಲ್ಲ.

ಪ್ರಾಜೆಕ್ಟ್ ನೋಡಿಕೊಳ್ಳುವ ಏಕಾಂತಯ್ಯ ಸರ್ ಹೊರಡುವಾಗ ಹೇಳಿದರು, "ತಾಯಿ ತಾನಾಗೇ ಎದ್ಮೇಲೆ ನೀನು ಏಳ್ಬೇಕಮ್ಮ. ಬೋನು ಮುಟ್ಬೇಡ, ಇಡೀ ಬ್ಯಾಚ್ ಹಾಳಾಗುತ್ತೆ." ಪ್ರಾಜೆಕ್ಟ್ ಇರುವವರೆಗೆ ಮಾತ್ರ ನನ್ನ ಕೆಲಸ. ತಲೆಯಾಡಿಸಿದೆ.

ಆರು ಗಂಟೆ. ಏಳಲಿಲ್ಲ.

ಆರೂಮುಕ್ಕಾಲು. ಅತ್ತೆಯ ಫೋನ್. ಅವರಿಗಿಂತ ಮೊದಲು ಪಾಪುವಿನ ಅಳು ಕೇಳಿತು. "ಎಲ್ಲಿದೀಯವ್ವ? ಬಸ್ ಹತ್ತಿದ್ಯಾ? ಬಾಟ್ಲು ಕೊಟ್ಬುಡ್ಲಾ?"

"ಇನ್ನೊಂದ್ ಸ್ವಲ್ಪ ಹೊತ್ತು ಅತ್ತೆ" ಅಂದು ಫೋನ್ ಇಟ್ಟೆ. ಈಗ ಬಟ್ಟೆ ಒದ್ದೆಯಾಗಿದೆ. ಎರಡೂ ಕಡೆ. ಎಷ್ಟು ದಿನದ ಮೇಲೆ.

ಬೋನಿನ ಸರಳಿಗೆ ಬೆರಳು ತಾಗಿಸಿದರೆ ಸಾಕು, ಎದ್ದುಬಿಡುತ್ತದೆ. ಮರಿಗಳು ಇನ್ನೂ ಕುಡಿಯುತ್ತಿವೆ.

ತಾಯಿ ತಲೆ ಎತ್ತಿತು. ಏಳುತ್ತದೆ, ಈಗ ಏಳು— ಇಲ್ಲ. ಒಂದು ಮರಿಯನ್ನು ಹತ್ತಿರ ಎಳೆದುಕೊಂಡು ಮತ್ತೆ ಮಲಗಿತು.