ಅತ್ತೆಗೆ ಕಾಣದ ಹೊಸ ಟಿ.ವಿ.

ಬಿಬವೇವಾಡಿ, ಪುಣೆ
ಮಂಗಳವಾರ

ಅಮರ ಅವರಿಗೆ ರೇಣುವಿನ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅತ್ತೆಗೆ ಕೇಳಿಸೀತೆಂದು ಬರೆಯುತ್ತಿದ್ದೇನೆ. ಹೊಸ ಟಿ.ವಿ. ಬಂದಾಗಿನಿಂದ ಅವರು ಧಾರಾವಾಹಿಯ ಹೊತ್ತಿಗೆ ಕಣ್ಣು ಮುಚ್ಚಿ ಮಲಗುತ್ತಿದ್ದರು. ಕೇಳಿದರೆ, "ಕಣ್ಣು ಹೋದುವವ್ವಾ, ಅಮರಗ ಹೇಳಬ್ಯಾಡ" ಎಂದು ಅತ್ತರು.

ನಿನ್ನೆ ಡಾಕ್ಟರರು ಪರೀಕ್ಷಿಸಿ, ಕಣ್ಣುಗಳು ಚೆನ್ನಾಗಿವೆ ಎಂದರು. ಮನೆಗೆ ಬಂದು ಅವರ ಮಂಚದ ಮೇಲೆ ನಾನೇ ಮಲಗಿ ನೋಡಿದೆ. ಆ ಮೂಲೆಯಿಂದ ಓರೆಯಾಗಿ ನೋಡಿದರೆ ಮುಖಗಳೆಲ್ಲ ಮಸುಕು, ಮಾತೂ ಗೊಣಗಿದಂತೆ. ಅಂಚೇ ಕಾಣದ ಆ ಪರದೆಯ ಅಂದಕ್ಕೆ ಮರುಳಾಗಿ, ಅಂಗಡಿಯಲ್ಲಿ ಎದುರು ನಿಂತು ಆರಿಸಿದವಳು ನಾನು. ನಿನ್ನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಮಂಚ ಸರಿಸಲು ಜಾಗವಿಲ್ಲ, ಟಿ.ವಿ.ಯನ್ನು ಗೋಡೆಗೆ ಬಿಗಿದಾಗಿದೆ. ಶನಿವಾರ ದೌಂಡದಿಂದ ಬರುವಾಗ, ಅಲ್ಲಿನ ನಿಮ್ಮ ಕೋಣೆಗೆ ಒಯ್ದ ಹಳೆಯ ಟಿ.ವಿ. ದಯವಿಟ್ಟು ತನ್ನಿ; ಅದು ಆ ಮೂಲೆಗೂ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಯವರೆಗೆ ಯಾರು ಬಂದರು, ಯಾರು ನಕ್ಕರು ಎಂದು ಪಕ್ಕದಲ್ಲಿ ಕುಳಿತು ನಾನೇ ಅತ್ತೆಗೆ ಹೇಳುತ್ತಿರುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ
ರೇಣು