ಕರೆಸಿದ್ದು ಇನ್ನೊಬ್ಬ ರೌನೊನನ್ನು

ಅಕ್ಕಾ,

ನಾರ್ವೆಯ ಈ ಊರಲ್ಲಿ ಬಸ್ಸಿಳಿದಾಗ ನನಗಾಗಿ ಬ್ಯಾಂಡು ಬಾರಿಸಿದರು. ಹತ್ತೊಂಬತ್ತು ವರ್ಷ ಐಸ್ ಹಾಕಿಯಲ್ಲಿ ಡಿಫೆಂಡರ್ ಆಗಿ ಹೊಡೆತಕ್ಕೆ ಮೈಯೊಡ್ಡಿದವನಿಗೆ ಇದೆಂಥ ಮರ್ಯಾದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಇವರಿಗೆ ಬೇಕಿದ್ದವನು ನನ್ನದೇ ಹೆಸರಿನ, ಗೋಲು ಹೊಡೆಯುವ ಇನ್ನೊಬ್ಬ.

ಕ್ಲಬ್ಬಿನ ಅಧ್ಯಕ್ಷ ಓಡ್ವಾರ್‌ಗೆ ಹೇಳಿಯೇಬಿಟ್ಟೆ: “ಸ್ವಾಮಿ, ನಾನು ಗೋಲು ತಡೆಯೋನು.”

“ಮೆಲ್ಲಗೆ ಮಾತಾಡಪ್ಪಾ. ನಿನ್ನ ಹೆಸರಿನ ಮುನ್ನೂರು ಅಂಗಿ ಮಾರಿ ಆಗಿದೆ,” ಅಂದ.

ಈ ವಯಸ್ಸಿಗೆ ವಾಪಸ್ ಕಳಿಸಿದರೆ ಬೇರೆ ಯಾರೂ ಕರೆಯುವುದಿಲ್ಲ. ಆ ಅಂಗಿಯನ್ನೇ ತೊಟ್ಟು ಆಟಕ್ಕಿಳಿದೆ.

ಶನಿವಾರದ ಪಂದ್ಯದ ಕೊನೆಯ ನಿಮಿಷ. ಒಂದು ಗೋಲು ಹಿಂದಿದ್ದ ಎದುರಾಳಿಗಳು ತಮ್ಮ ಗೋಲ್‌ಕೀಪರನನ್ನೂ ಹೊರಗೆ ಕರೆದು, ಇನ್ನೊಬ್ಬ ಹೊಡೆಯುವವನನ್ನು ಇಳಿಸಿ ನಮ್ಮ ಮೇಲೆ ಮುಗಿಬಿದ್ದರು. ಅವರು ಹೊಡೆದ ರಬ್ಬರ್ ಬಿಲ್ಲೆಗೆ ನಾನು ಅಭ್ಯಾಸದಂತೆ ಅಡ್ಡ ಮಲಗಿದೆ. ಅದು ನನ್ನ ಮಂಡಿಗೆ ಬಡಿದು ಚಿಮ್ಮಿ, ಇಡೀ ಮೈದಾನ ಜಾರಿಕೊಂಡು ಹೋಗಿ ಅವರ ಖಾಲಿ ಗೋಲಿನೊಳಗೆ ಬಿತ್ತು. ಊರಿಗೆ ಊರೇ ನನ್ನ ಹೆಸರು ಕೂಗಿತು. ಹೆಲ್ಮೆಟ್ಟಿನೊಳಗೆ ಅತ್ತುಬಿಟ್ಟೆ.

ಮಂಡಿ ಊದಿದೆ, ಮುರಿದಿಲ್ಲ. ಅಮ್ಮನಿಗೆ ಹೇಳಬೇಡ.

ಇವತ್ತು ಓಡ್ವಾರ್ ಎರಡು ವರ್ಷದ ಕರಾರು ತಂದ. “ನಾನು ಡಿಫೆಂಡರೇ,” ಅಂದೆ.

“ಆಯ್ತಪ್ಪಾ, ಮಲಗಿಕೊಂಡೇ ಹೊಡಿ,” ಅಂದ.

ನಿನ್ನ ತಮ್ಮ,
ರೌನೊ