ಹೊರಗೆ ನಿಂತ ಸದಸ್ಯರು

ಜೂನ್ 4, ಬೆಳಗ್ಗೆ 6
ಪುಟ್ಟಿಗೆ ಹಾಲಾಯಿತು, ತೇಗೂ ಬಂತು. ಮಗಳಿಗೆ ನಿದ್ದೆ, ನನಗಿಲ್ಲ. ರಾಷ್ಟ್ರೀಯ ಕಲಾನಿಧಿ ಮಂಡಳಿಯಲ್ಲಿ ಇಂದು ನನ್ನ ಮೊದಲ ಸಭೆ. ಯಾವ ತಂಡಕ್ಕೆ ಸರ್ಕಾರದ ಅನುದಾನ ಎಂದು ತೀರ್ಮಾನಿಸುವ ಏಳು ಜನರಲ್ಲಿ ನಾನೂ ಒಬ್ಬಳು! ನಾಟಕಗಳಿಗೆ ಲೈಟಿಂಗ್ ಮಾಡಿಕೊಂಡಿದ್ದವಳು. ಅಧ್ಯಕ್ಷರು ಕಾಲೇಜಿನಲ್ಲಿ ನನ್ನ ಮೇಷ್ಟರು — ಖಾಲಿ ಜಾಗಕ್ಕೆ ಅವರೇ ಕರೆದದ್ದು, ಸದ್ಯಕ್ಕೆ ವರ್ಷಾಂತ್ಯದವರೆಗೆ. ಮೇಷ್ಟರ ಕೃಪೆಯ ಕುರ್ಚಿ… ಕೂರುವ ಮೊದಲೇ ಚುಚ್ಚುತ್ತಿದೆ.
ಅತ್ತೆ ಅಂದರು, "ಮಗು ನಿನ್ ಜೊತೇಲೇ ಬರ್ಲಿ. ನಾನು ಎತ್ಕೊಂಡು ಹೊರಗೆ ಕೂತಿರ್ತೀನಿ."

ಅದೇ ದಿನ, ಸಂಜೆ
ನಗಬೇಕೋ ಅಳಬೇಕೋ. ಅಲ್ಲೊಂದು ನಿಯಮ: ಅರ್ಜಿ ಹಾಕಿದವರ ಜೊತೆ ನಂಟಿರುವ ಸದಸ್ಯರು ಎದ್ದು ಹೊರಗೆ ಹೋಗಬೇಕು. ಒಂದು ಹಳೆಯ ನಾಟಕ ತಂಡದ ಅರ್ಜಿ ಬಂತು. ಅವರಿಗೆ ಲೈಟಿಂಗ್ ಮಾಡಿದ್ದೆ, ಎದ್ದೆ. ಹಿಂದೆಯೇ ಇನ್ನೊಬ್ಬ ಸದಸ್ಯೆ, ನಟಿ — ಅಲ್ಲಿ ಪಾತ್ರ ಮಾಡಿದವರು. ಆಮೇಲೆ ಸಂಗೀತಗಾರರು — ತಂಡದ ಯಜಮಾನರ ಅಳಿಯ. ಒಬ್ಬೊಬ್ಬರಾಗಿ ಆರೂ ಮಂದಿ ಕಾರಿಡಾರಿನಲ್ಲಿ. ಪುಟ್ಟಿ ಕೈಯಿಂದ ಕೈಗೆ.
ಬಾಗಿಲಲ್ಲಿ ಮೇಷ್ಟರು. "ಒಳಗೆ ನಾನೊಬ್ನೇ. ನಾನೇ ಸೂಚಿಸಿ, ನಾನೇ ಅನುಮೋದಿಸಿ, ನಾನೇ ಚಪ್ಪಾಳೆ ಹೊಡಿಲಾ?"
ಎಲ್ಲರೂ ನಕ್ಕರು. ಅತ್ತೆ ಮೆಲ್ಲಗೆ, "ಎಲ್ರೂ ಒಂದೇ ಮನೆಯೋರಾದ್ರೆ ಹೊರಗಿನೋರ ಕಷ್ಟ ಯಾರಿಗ್ ಗೊತ್ತಾಗುತ್ತೆ?"
ನಗು ನಿಂತಿತು. ಹೇಳಿಯೇಬಿಟ್ಟೆ. "ಸರ್, ನಾವೆಲ್ಲ ಪರಿಚಯದಿಂದ ಬಂದೋರು. ಇನ್ಮೇಲೆ ಖಾಲಿ ಜಾಗಕ್ಕೆ ಎಲ್ಲರಿಂದ ಅರ್ಜಿ ಕರೀರಿ."
"ಮೊದಲು ಖಾಲಿಯಾಗೋದು ನಿನ್ನ ಜಾಗಾನೇ ಕಣಮ್ಮಾ."
"ಗೊತ್ತು ಸರ್."
ಗೊತ್ತಿರಲಿಲ್ಲ. ಅವರು ಹೇಳಿದ ಮೇಲೇ ಹೊಳೆದದ್ದು.

ಜೂನ್ 9
ಇವರು ಇನ್ನೂ ರೇಗಿಸುತ್ತಿದ್ದಾರೆ — "ಕೂತ ಕೊಂಬೆ ಕಡಿಯೋಳನ್ನ ಕಟ್ಕೊಂಡಿದೀನಿ."
ಕೊಂಬೆ ನನ್ನದಾಗಿರಲಿಲ್ಲವಲ್ಲ. ವಿಚಿತ್ರವೆಂದರೆ, ಈಗ ಆ ಕುರ್ಚಿ ನಿಜವಾಗಿಯೂ ಬೇಕು ಅನ್ನಿಸುತ್ತಿದೆ.

ನವೆಂಬರ್ 2
ನನ್ನ ಜಾಗಕ್ಕೆ ಅರ್ಜಿ ಕರೆದರು. ಊರೂರಿನಿಂದ ಬಂದಿವೆಯಂತೆ — ಗೊಂಬೆ ಆಡಿಸುವವರು, ನೇಯುವವರು, ನಾವ್ಯಾರೂ ಕಂಡೇ ಇಲ್ಲದವರು. ಒಳಗೊಳಗೇ ಖುಷಿ. ನಾನೂ ಹಾಕಿದೆ. ಇವರೇ ಟೈಪ್ ಮಾಡಿದರು, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು.

ನವೆಂಬರ್ 20, ಬೆಳಗ್ಗೆ
ಸಂದರ್ಶನ. ಅದೇ ಕಾರಿಡಾರ್. ಅತ್ತೆಗೆ ಜ್ವರ, ಪುಟ್ಟಿ ನನ್ನ ಸೊಂಟದ ಮೇಲೆ. ಒಳಗೆ, ಆಯ್ಕೆಗೆಂದು ಹೊರಗಿನಿಂದ ಕರೆಸಿದ ಮೂವರು, ಜೊತೆಗೆ ಮೇಷ್ಟರು. ನನ್ನ ಸರದಿ ಬಂದಾಗ ಮೇಷ್ಟರು ಎದ್ದು ಈಚೆ ಬಂದರು.
"ಶಿಷ್ಯೆ ಒಳಗೆ, ಗುರು ಹೊರಗೆ. ನಿಯಮ ಅಂದ್ರೆ ನಿಯಮ. ಕೊಡು ಮಗೂನ."
ಕೊಟ್ಟೆ. ಆಗಲೇ ಅವರ ಕನ್ನಡಕ ಪುಟ್ಟಿಯ ಬಾಯಲ್ಲಿ. "ಹೋಗಮ್ಮಾ, ಇವಳು ನನ್ನ ಸಂದರ್ಶನ ಮಾಡ್ತಾಳೆ."
ಎರಡು ನಿಮಿಷ ಕಾಯಲು ಹೇಳಿದ್ದಾರೆ. ಕೈ ಎರಡೂ ಖಾಲಿ, ಅದಕ್ಕೇ ಬರೆಯುತ್ತಿದ್ದೇನೆ.
ಬಾಗಿಲು ತೆರೆಯಿತು. ಈ ಸಲ ಯಾರೂ ಕರೆದುಕೊಂಡು ಹೋಗುತ್ತಿಲ್ಲ, ನಾನೇ —